ನಿನ್ನ ಮಗಳ ಉಬ್ಬಸ

ವಿಮಲಾ,

ಗುಬ್ಬಿಯ ಕೊಬ್ಬರಿ ವ್ಯಾಪಾರಿ ಚನ್ನಬಸವಯ್ಯನವರ ಮನೆಯ ಯಜಮಾನಿ, ನಿನ್ನ ತಾಯಿ, ಬರೆಯುತ್ತಿದ್ದೇನೆ. ಈ ಮನೆಯಲ್ಲಿ ನನ್ನ ಮಾತು ಮೀರಿದವರಿಲ್ಲ. ನೀನೂ ಮೀರಲಿಲ್ಲ.

ಕೃತಿಕಾಗೆ ಈಗ ಮೂರು ವರ್ಷ. ನೆಗಡಿ ಬಂದರೆ ಸಾಕು, ನಿನ್ನ ಹಾಗೆಯೇ ಉಬ್ಬಸ. ಇವತ್ತು ಬೆಳಿಗ್ಗೆ ಮಗುವಿನ ಪಕ್ಕೆ ಒಳಕ್ಕೆ ಸೆಳೆಯುವುದನ್ನು ನೋಡಿ ತುಮಕೂರಿಗೆ ಕರೆದೊಯ್ದೆ. ಡಾಕ್ಟರು ಮೂಗುಬಾಯಿಗೆ ಮಾಸ್ಕ್ ಹಿಡಿದು ಉಬ್ಬಸದ ಔಷಧಿಯ ಪಂಪ್ ಒತ್ತಿದರು. ಉಸಿರು ಸಲೀಸಾಯಿತು.

"ಇಷ್ಟು ಚಿಕ್ಕೋರಿಗೆ ಆಸ್ತಮಾ ಅಂತ ಈಗ್ಲೇ ಹೇಳಕ್ಕಾಗಲ್ಲಮ್ಮ. ಬೆಳೀತಾ ಎಷ್ಟೋ ಮಕ್ಕಳಿಗೆ ಹೋಗ್ಬಿಡುತ್ತೆ. ಆದ್ರೆ ಉಬ್ಬಸ ಬಂದಾಗ ತಡ ಮಾಡ್ದೆ ಪಂಪ್ ಕೊಡಿ" ಎಂದರು. "ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

ಮಗಳಿಗಿತ್ತು ಎಂದೆ. ಹೊರಗಿನವರ ಮುಂದೆ ಅದನ್ನು ಹೇಳಿದ್ದು ಇದೇ ಮೊದಲು.

ಹೋದ ವರ್ಷ ಕುಣಿಗಲ್‌ನಲ್ಲಿ, ಗಂಡನ ಮನೆಯಲ್ಲಿ, ನೀನು ಉಸಿರು ಸಿಗದೆ ತೀರಿಕೊಂಡಾಗ ನಿನ್ನ ಪಂಪ್ ಮದುವೆ ಸೀರೆಗಳ ಅಡಿಯಲ್ಲಿತ್ತಂತೆ. "ಅಲ್ಯಾಕೆ ಬಚ್ಚಿಟ್ಟಿದ್ಲು ಅತ್ತೆ?" ಎಂದು ನಿನ್ನ ಗಂಡ ಶಿವಮೂರ್ತಿ ಕೇಳಿದ. ನಾನು ಎದ್ದು ಒಳಗೆ ಹೋದೆ. ಗಂಡನ ಮನೆಯವರ ಕಣ್ಣಿಗೆ ಬೀಳದ ಹಾಗೆ ಬಚ್ಚಿಡು ಎಂದು ನಿನಗೆ ಹೇಳಿ ಕಳಿಸಿದವಳು ನಾನೇ.

ಸಂಜೆ ಮಗುವಿನ ಎದೆ ಮತ್ತೆ ಸುಯ್‌ಗುಟ್ಟಿತು. ಜಗಲಿಯ ತುಂಬ ನೆಂಟರು ಕೂತಿದ್ದರು.

"ಒಳಗ್ ಕರ್ಕೊಂಡೋಗಕ್ಕಾ, ಹೆಣ್ ಮಗು ಕಣಕ್ಕಾ. ಇದ್ನೆಲ್ಲ ನೋಡಿದ್ರೆ ನಾಳೆ ಯಾರ್ ಮಾಡ್ಕೊತಾರೆ?" ಎಂದಳು ನಿನ್ನ ಚಿಕ್ಕಮ್ಮ.

"ನೋಡೋರು ನೋಡ್ಲಿ ಬುಡು, ಮೊದ್ಲು ಮಗು ಉಸಿರಾಡ್ಲಿ" ಎಂದೆ. ಕೃತಿಕಾಳನ್ನು ಎಲ್ಲರ ನಡುವೆ ತೊಡೆಯ ಮೇಲೆ ಕೂರಿಸಿಕೊಂಡು, ಮಾಸ್ಕ್ ಹಿಡಿದು, ಪಂಪ್ ಒತ್ತಿದೆ.