ಚರಗ ಉಂಡ ಮೀನುಗಳು

ಸರದಿ ಎಣಿಕೆಯ ಹದಿನೇಳನೆಯ ಸುತ್ತು, ಶೀಗಿ ಹುಣ್ಣಿಮೆಯ ಹಿಂದಿನ ವಾರ. ನಿಮ್ಮ ಲೆಕ್ಕಕ್ಕೆ ಇಸವಿ ಎರಡು ಸಾವಿರದ ಮುನ್ನೂರು ದಾಟಿದೆ.

ಘಟಪ್ರಭೆಯ ದಂಡೆಯ ನಮ್ಮ ಹಿರಿಯರಿಗೆ ಬಾಳವ್ವನ ಶರಣು.

ಇನ್ನೂ ಹುಟ್ಟದವಳು ಕಾಗದ ಬರೆದರೆ ನಿಮಗೆ ವಿಚಿತ್ರ ಅನ್ನಿಸೀತು. ನನ್ನ ಮಾತುಗಳೂ ನಿಮ್ಮ ಕಿವಿಗೆ ಓರೆಕೋರೆಯಾಗಿ ಕೇಳಿಸಿಯಾವು. ಹೊಟ್ಟೆಗೆ ಹಾಕಿಕೊಳ್ಳಿ. ಬಿಸಿಲು ತಾಳಲಾರದೆ ನಿಮ್ಮ ಮರಿಮೊಮ್ಮಕ್ಕಳು ಜೋಳದ ಬೀಜ ಕಟ್ಟಿಕೊಂಡು ಹಿಮಾಲಯ ಹತ್ತಿದರು. ಈಗ ನಾವು ಇಲ್ಲಿಯವರೇ. ರೊಟ್ಟಿ ಬಡಿಯುವುದು ಬಿಟ್ಟಿಲ್ಲ, ಅದಕ್ಕೆ ನೆಂಚಿಕೊಳ್ಳುವ ಗುರೆಳ್ಳು ಹಿಂಡಿ ಬಿಟ್ಟಿಲ್ಲ, ಜಗಳವಂತೂ ಬಿಟ್ಟೇ ಇಲ್ಲ.

ಇಲ್ಲಿ ತಣ್ಣೀರು ಉಳಿದಿರುವುದು ಮೇಲಿನ ಕಣಿವೆಯ ಒಂದೇ ಹೊಳೆಯಲ್ಲಿ. ಟ್ರೌಟ್ ಎಂಬ ಚುಕ್ಕೆಮೀನು ಅಲ್ಲಿ ಮಾತ್ರ ಬದುಕಿದೆ. ಆ ಹೊಳೆ ಕಾಯುವವರಿಗೆ ನಾವು ತಂಪುಗಾವಲಿನವರು ಅನ್ನುತ್ತೇವೆ. ಹನ್ನೆರಡು ವರ್ಷಕ್ಕೊಮ್ಮೆ ಮನೆಗೊಂದು ಸರದಿ ಕೊಡುತ್ತಾರೆ: ಇಬ್ಬರು ನಡೆದುಕೊಂಡೇ ಹೋಗಬೇಕು, ಒಂದು ರಾತ್ರಿ ಡೇರೆ ಹಾಕಿ ಉಳಿಯಬಹುದು, ಸಿಕ್ಕ ಮೀನನ್ನು ಒದ್ದೆ ಕೈಯಲ್ಲಿ ಬಿಡಿಸಿ ಮತ್ತೆ ನೀರಿಗೇ ಬಿಡಬೇಕು.

ನನ್ನ ಗಂಡ ಈರಭದ್ರಪ್ಪನವರಿಗೆ ಇದ್ದದ್ದು ಒಂದೇ ಆಸೆ, ಟ್ರೌಟ್ ದಾರ ಜಗ್ಗುವುದನ್ನು ಒಮ್ಮೆ ಕೈಯಾರೆ ಅನುಭವಿಸಬೇಕು. ಮೊದಲ ಸರದಿ ಬಂದಾಗ ನಾನು ಬಾಣಂತಿ. ನನ್ನನ್ನು ಬಿಟ್ಟು ಹೋಗಲಿಲ್ಲ. ಎರಡನೆಯದಕ್ಕೆ ವರ್ಷವಿಡೀ ತಯಾರಿ ನಡೆಯಿತು. ಕೋಳಿಪುಕ್ಕ, ಬಣ್ಣದ ನೂಲು ಕೂಡಿಸಿ ಗಾಳಕ್ಕೆ ಹುಸಿನೊಣ ಕಟ್ಟುತ್ತಿದ್ದರು. ಮೀನು ಅದನ್ನು ನಿಜವಾದ ನೊಣ ಅಂದುಕೊಂಡು ಹಾರಿ ಹಿಡಿಯಬೇಕು. ಅಂಗಳದಲ್ಲಿ ದಾರ ಬೀಸಿ ಕಲಿಯುವಾಗ ಅದು ಒಣಹಾಕಿದ ನನ್ನ ಸೀರೆಗೇ ಸಿಕ್ಕಿಕೊಳ್ಳುತ್ತಿತ್ತು. "ಭಾರೀ ಮೀನ ಬಿತ್ತು ನೋಡ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಡೇರೆಗೆ ತೇಪೆ ಹಾಕಿದೆವು, ಹಗ್ಗ ಹೊಸೆದೆವು. ಇಬ್ಬರಿಗೂ ಮಂಡಿನೋವು, ಆದರೆ ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಸರದಿ ಬಂದದ್ದು ಶೀಗಿ ಹುಣ್ಣಿಮೆಯ ದಿನವೇ. ನಿಮಗೆ ಗೊತ್ತಲ್ಲ, ಅಂದು ಭೂತಾಯಿಯ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲದೆ ನಾವು ಬಾಯಿಗೆ ತುತ್ತಿಡುವವರಲ್ಲ. ಹೊಳೆಯ ದಂಡೆಗೆ ಬಂದು ಡೇರೆ ಹೊಡೆದದ್ದೇ ತಡ, ಇವರು ಚರಗದ ಬುಟ್ಟಿ ಬಿಚ್ಚಿದರು. "ರೀ, ಮೊದಲ ಗಾಳ ಹಾಕ್ರಿ, ಹೊತ್ತು ಹೊಂಟೈತಿ" ಅಂದೆ. "ಹೊಳಿಗೆ ಉಣಸಲಾರದ ಬೇಡಬಾರದು, ಬಾಳವ್ವ" ಅಂದರು. ಹುಲ್ಲುಲ್ಲಿಗೋ ಚಲ್ಲಂಬ್ರಿಗೋ ಎಂದು ಚರಗದ ಕೂಗು ಹಾಕುತ್ತ ಕಡುಬು, ಪುಂಡಿಪಲ್ಯ, ಸಜ್ಜಿರೊಟ್ಟಿ ಎಲ್ಲ ನೀರಿಗೆ ಚೆಲ್ಲಿದರು. ಅಯ್ಯಯ್ಯೋ, ಎಲ್ಲಿದ್ದವೋ ಆ ಮೀನುಗಳು! ಜಾತ್ರೆಗೆ ಬಂದವರ ಹಾಗೆ ಮೇಲೆದ್ದು ಗಬಗಬನೆ ತಿಂದವು. ಆಮೇಲೆ ಕತ್ತಲಾಗುವವರೆಗೆ, ಮರುದಿನ ಮಧ್ಯಾಹ್ನದವರೆಗೆ ಇವರು ನೊಣ ಬೀಸಿದ್ದೇ ಬಂತು. ಹೊಟ್ಟೆ ತುಂಬಿದ ಮೀನು ಪುಕ್ಕದ ನೊಣವನ್ನು ಏಕೆ ನೋಡೀತು? ನನಗೆ ಅಳು, ಸಿಟ್ಟು ಎರಡೂ ಬಂದು ಬಾಯಿಗೆ ಬಂದಂತೆ ಬೈದೆ. ಇವರು ಮಾತ್ರ ಕಾಲು ನೀರಲ್ಲಿ ಇಳಿಬಿಟ್ಟು ಕೂತು ನಗುತ್ತಿದ್ದರು. "ಇರ್ಲಿ ಬಿಡ, ಅವಕ್ಕರ ಹಬ್ಬ ಆತು. ಮುಂದಿನ ಸರದಿಗೆ ಚರಗ ಸ್ವಲ್ಪ ಕಮ್ಮಿ ಮಾಡೂಣು."

ಮುಂದಿನ ಸರದಿ ಈ ವಾರ ಬಂದಿದೆ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಇಬ್ಬರಲ್ಲಿ ಇನ್ನೊಬ್ಬರು ಯಾರು ಎಂದು ಗಾವಲಿನವರು ಕೇಳಿಕಳಿಸಿದ್ದಾರೆ. ನಾನು ಈ ಕಾಗದ ಬರೆಯುತ್ತ ಕೂತಿದ್ದೇನೆ.

ನಿಮ್ಮ ಕಾಲದಲ್ಲಿ ಹೊಳೆಗೆ ಸರದಿಯೇ ಇರಲಿಲ್ಲವಂತೆ, ಮನಸ್ಸಾದಾಗ ಎದ್ದು ಹೊರಡಬಹುದಿತ್ತಂತೆ. ಸುಳ್ಳೇಕೆ ಹೇಳಲಿ, ಕೇಳಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮನೆಯಲ್ಲೂ ಒಬ್ಬರು ಡೇರೆ ಝಾಡಿಸುತ್ತ, ಗಾಳ ಉಜ್ಜುತ್ತ, ಮುಂದಿನ ವರ್ಷ ಹೋದರಾಯಿತು ಅನ್ನುತ್ತಿರಬಹುದು. ಅವರನ್ನು ಈ ವಾರವೇ ಕರೆದುಕೊಂಡು ಹೋಗಿ. ಮೀನು ಕಚ್ಚಿದಾಗ ದಾರ ಕೈಯಲ್ಲಿ ಹೇಗೆ ಜಗ್ಗುತ್ತದೆ ಎಂಬುದನ್ನು ಅವರ ಬಾಯಿಂದಲೇ ಕೇಳಿ, ನನಗೆ ಬರೆದು ತಿಳಿಸಿ. ಇವರ ಸಮಾಧಿಯ ಹತ್ತಿರ ಕೂತು ಓದಿ ಹೇಳುತ್ತೇನೆ.