ಎರಡು ಗೆರೆ ಕಡಿಮೆ

ತಾರೀಖು ಹದಿನಾಲ್ಕು ಇರಬೇಕು. ಗುರುವಾರ ಎನ್ನುವುದು ಮಾತ್ರ ಖಂಡಿತ.
ಮಧ್ಯಾಹ್ನ, ಗುಬ್ಬಿ ಮಲಗಿರುವಾಗ

ಅಮ್ಮನಿಗೆ ನಿನ್ನ ಮಗಳು ಮಾಡುವ ನಮಸ್ಕಾರ.

ನಾನು, ಇವರು, ಮಗು ಗುಬ್ಬಿ, ಮೂವರೂ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಲ್ಲ, ಬರೆದಾಯಿತು. ಅದನ್ನು ಸದ್ಯಕ್ಕೆ ಪಕ್ಕಕ್ಕಿಡು.

ಫೋನಿನಲ್ಲಿ ಹೇಳೋಣವೆಂದು ಮೂರು ಸಲ ಶುರು ಮಾಡಿದೆ. ಮೂರು ಸಲವೂ ನೀನು, "ಅದಿರಲಿ, ಮೊದಲು ಮಗು ತೂಕ ಹೇಳು" ಎಂದೆ. ಆಮೇಲೆ ನೀನೇ ಸ್ಪೀಕರ್ ಹಾಕಿದೆ. ಚಿಕ್ಕಮ್ಮ ಆ ಕಡೆಯಿಂದ, "ನಿಮ್ಮಮ್ಮ ರಿಟೈರ್ ಆದ್ಮೇಲೂ ಒಂದು ಅಂಗಡಿಗೆ ಬೀಗ ಹಾಕಿಸಿದ್ಲು ನೋಡು, ಹುಲಿ ಮುದಿಯಾದ್ರೂ ಹುಲೀನೇ" ಎಂದು ನಕ್ಕರು. ನಾನು ಮಗುವಿನ ತೂಕ ಹೇಳಿ ಫೋನ್ ಇಟ್ಟೆ. ಅದಕ್ಕೇ ಈ ಕಾಗದ. "ಬಾಯಿಮಾತು ಗಾಳಿಗೆ ಹೋಗುತ್ತೆ, ಬರೆದು ಸಹಿ ಹಾಕಿ" ಎಂದು ತೂಕ-ಅಳತೆ ಕಚೇರಿಯಲ್ಲಿ ಕೂತು ಇಪ್ಪತ್ತೆಂಟು ವರ್ಷ ಅಂಗಡಿಯವರನ್ನೆಲ್ಲ ಗದರಿಸಿದವಳು ನೀನು. ಈಗ ನಿನ್ನ ಮಗಳ ಸರದಿ. ಔಷಧಿ ವ್ಯಾನಿನ ಚಾಲಕ ನಾಳೆ ನಿಮ್ಮ ಬೀದಿಯ ಮೇಲೆಯೇ ಹೋಗುತ್ತಾನಂತೆ. ಅವನ ಕೈಯಲ್ಲಿ ಕಳಿಸುತ್ತೇನೆ.

ಹೋದ ವಾರ ನೀನು ಕಳಿಸಿದ ಪಾರ್ಸೆಲ್ ತಲುಪಿದೆ. ಹಗ್ಗದ ಗಂಟಿಗೆ ಕೆಂಪು ಅರಗು, ಅದರ ಮೇಲೆ ನಿನ್ನ ಹೆಬ್ಬೆರಳ ಗುರುತು. ಮಗುವಿನ ಟೋಪಿಯನ್ನು ಯಾರಮ್ಮಾ ಕದಿಯುತ್ತಾರೆ? ಇವರು ಅದನ್ನು ನೋಡಿ, "ನಿಮ್ಮಮ್ಮ ನಮ್ಮ ಮದುವೆಗೂ ಅರಗು ಹಾಕಿ ಸೀಲ್ ಮಾಡಿರ್ತಾರೆ, ಅದಕ್ಕೇ ಬಿಚ್ಕೊಂಡಿಲ್ಲ" ಎಂದರು. ಈ ಮನೆಯಲ್ಲಿ ನಾವು ಕೊನೆಯದಾಗಿ ನಕ್ಕದ್ದು ಅದಕ್ಕೇ ಇರಬೇಕು.

ಇನ್ನು ವಿಷಯಕ್ಕೆ ಬರುತ್ತೇನೆ. ಎಲ್ಲಿಂದ ಶುರು ಮಾಡಲಿ ಎನ್ನುವುದೇ ತಿಳಿಯುತ್ತಿಲ್ಲ.

ನಿನಗೊಂದು ವಿಷಯ ಮುಚ್ಚಿಟ್ಟಿದ್ದೆ. ಎರಡು ತಿಂಗಳ ಹಿಂದೆ ನನಗೆ ಜ್ವರ ಬಂದಿತ್ತಲ್ಲ, "ಬರೀ ನೆಗಡಿ" ಎಂದಿದ್ದೆ. ನೆಗಡಿಯಲ್ಲ, ಕೊರೊನಾ. ಹನ್ನೊಂದು ದಿನ ಒಳಕೋಣೆಯಲ್ಲಿ ಒಬ್ಬಳೇ ಇದ್ದೆ. ಗುಬ್ಬಿ ಆಚೆ ಕೋಣೆಯಲ್ಲಿ ತನ್ನಪ್ಪನ ಹತ್ತಿರ. ನಾನು ಹೊರಗೆ ಬರುವಷ್ಟರಲ್ಲಿ ಎದೆಹಾಲು ಬತ್ತಿಹೋಗಿತ್ತು. ಅಂದಿನಿಂದ ಅವಳ ಹೊಟ್ಟೆಗೆ ಹಾಲಿನಪುಡಿಯೇ ಗತಿ. ಅದೂ ಒಂದೇ ಜಾತಿಯ ಪುಡಿ, ಬೇರೆ ಕೊಟ್ಟರೆ ಮೈಯೆಲ್ಲ ದದ್ದು. ಆ ಪುಡಿ ಈ ಬೀದಿಯಲ್ಲಿ ಸಿಗುತ್ತಿದ್ದದ್ದು ಕೆಳಗಿನ ಅಂಗಡಿಯೊಂದರಲ್ಲೇ. ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವ ಆ ಮನುಷ್ಯನನ್ನು ನೀನೂ ನೋಡಿದ್ದೀಯ. ಬಾಣಂತನಕ್ಕೆ ಬಂದಾಗ ಪೆನ್ಸಿಲ್ ಮಾಮ ಎಂದು ಹೆಸರಿಟ್ಟವಳೇ ನೀನು.

ಲಾಕ್‌ಡೌನಿನಲ್ಲಿ ಡಬ್ಬಗಳು ಬರುವುದು ನಿಂತ ಮೇಲೆ ಮಾಮ ಎಲ್ಲಿಂದಲೋ ಒಂದು ದೊಡ್ಡ ಪೀಪಾಯಿ ತರಿಸಿ, ಅರ್ಧ ಕಿಲೋದ ಪೊಟ್ಟಣ ಕಟ್ಟಿ ಕೊಡತೊಡಗಿದರು. ಮಗುವಿರುವ ಮನೆಗೆ ವಾರಕ್ಕೊಂದು. ಬೆಲೆ ಮಾತ್ರ ವಾರಕ್ಕೊಂದು ಮೆಟ್ಟಿಲು ಹತ್ತಿತು. ಮೂರನೇ ವಾರಕ್ಕೆ ಪೀಪಾಯಿಯ ಮೇಲೆ ಅಚ್ಚಾದ ಬೆಲೆಗಿಂತ ಕಾಲುಪಾಲು ಹೆಚ್ಚು. ನಾನು ಕೇಳಿದೆ. "ಲಾರಿಯವನು ಎರಡರಷ್ಟು ಕೇಳ್ತಾನಮ್ಮ, ನಾನೇನು ಮಾಡ್ಲಿ?" ಎಂದರು. ಅಚ್ಚಾದ ಬೆಲೆಯ ಮೇಲೆ ಒಂದು ಕಾಸೂ ಹೆಚ್ಚು ಕೊಡಬಾರದೆಂದು ತೊಟ್ಟಿಲಲ್ಲೇ ಕಲಿತವಳು ನಾನು. ಜಗಳವಾಡಿದೆ. ಮೆಟ್ಟಿಲ ಮೇಲೆ ನಿಂತ ಇವರು ನನ್ನ ತೋಳು ಹಿಡಿದು, "ಕೊಟ್ಟು ಬಾರೇ, ಮಗು ಹಸಿದಿದೆ" ಎಂದರು. ಮನೆಗೆ ಬಂದ ಮೇಲೆ ನಮ್ಮಿಬ್ಬರ ಜಗಳ. ನಾನು "ಇದು ಸುಲಿಗೆ" ಎಂದೆ. ಇವರು, "ನಮ್ಮ ಪ್ರೆಸ್ಸಲ್ಲೂ ಕಾಗದದ ರೇಟು ಏರಿದೆ, ಹಾಗಾದ್ರೆ ನಾನೂ ಸುಲಿಗೆಕೋರನಾ? ನಿಮ್ಮಮ್ಮನ ಹಾಗೆ ನೀನೂ ತಕ್ಕಡಿ ಹಿಡ್ಕೊಂಡೇ ಹುಟ್ಟಿದೀಯ" ಎಂದರು. ಎರಡು ದಿನ ಮಾತಿಲ್ಲ, ಕತೆಯಿಲ್ಲ.

ಆ ವಾರ ಬಿಡದೆ ಮಳೆ. ಮಗುವನ್ನು ತೂಗಲು ನೀನು ತಂದಿಟ್ಟ ತಕ್ಕಡಿಯ ತಟ್ಟೆಯ ಅಳತೆಗೆ ಸರಿಯಾಗಿ ನೀನೇ ಹೊಲಿದುಕೊಟ್ಟಿದ್ದ ದಪ್ಪ ಮೆತ್ತೆ ಒಗೆದದ್ದು ಒಣಗಲೇ ಇಲ್ಲ. ಮಂಗಳವಾರ ಗುಬ್ಬಿಯನ್ನು ಬರೀ ತಟ್ಟೆಯ ಮೇಲೆ ಕೂರಿಸಿ ತೂಗಿದೆ. ಹಿಂದಿನ ವಾರಕ್ಕಿಂತ ಎರಡು ಗೆರೆ ಕಡಿಮೆ, ನೂರು ಗ್ರಾಂ! ಏಳು ತಿಂಗಳ ಕೂಸು ಒಂದು ವಾರದಲ್ಲಿ ನೂರು ಗ್ರಾಂ ಇಳಿದರೆ ಹೆತ್ತವಳಿಗೆ ಹೇಗಾಗಬೇಕು ಹೇಳು. ಕ್ಲಿನಿಕ್ಕಿಗೆ ಬೀಗ. ಫೋನಿನಲ್ಲಿ ವೈದ್ಯರು, "ಆಟ ಆಡ್ತಿದ್ಯಾ? ಹಾಗಿದ್ರೆ ಗಾಬರಿ ಬೇಡ" ಎಂದರು. ಬೇಡ ಎಂದರೆ ಹೋಗುವ ಗಾಬರಿಯೇ ಇದು?

ಆಗ ಹೊಳೆಯಿತು, ಪೊಟ್ಟಣ ತೂಗಬೇಕೆಂದು. ತೂಗಿದೆ. ಐನೂರು ಇರಬೇಕಾದಲ್ಲಿ ನಾನೂರು. ಅಲ್ಲೂ ಎರಡೇ ಗೆರೆ. ನನ್ನ ಮಗುವಿನಲ್ಲಿ ಕಡಿಮೆಯಾದದ್ದೂ ಅವರ ಪೊಟ್ಟಣದಲ್ಲಿ ಕಡಿಮೆಯಾದದ್ದೂ ಕೂಡಿಸಿಟ್ಟ ಹಾಗೆ ಒಂದೇ! ಇದಕ್ಕಿಂತ ಸಾಕ್ಷಿ ಏನು ಬೇಕು ಎನಿಸಿತು. ನಿನಗೆ ಫೋನ್ ಮಾಡಿದೆ. "ಖಾಲಿ ತಟ್ಟೆಗೆ ಮುಳ್ಳು ಸೊನ್ನೆಲಿದ್ಯಾ ನೋಡು" ಎಂದು ನೀನು ಕೇಳಿದೆ. ನಾನು ನೋಡಿ, ಇದೆ ಎಂದೆ. "ಹಾಗಾದ್ರೆ ಕಳ್ಳತನವೇ. ದೂರಿಗೆ ಬೆಲೆದ್ದೂ ಸೇರಿಸ್ತೀನಿ. ನೀನು ಸುಮ್ನಿರು, ನಾನು ನೋಡ್ಕೋತೀನಿ" ಎಂದೆ ನೀನು. ಮರುದಿನ ಹನ್ನೊಂದು ಗಂಟೆಗೆ ಕಚೇರಿಯಿಂದ ನಿನ್ನ ಹಳೆಯ ಶಿಷ್ಯ ಇಬ್ಬರನ್ನು ಕರೆದುಕೊಂಡು ಬಂದು ಅಂಗಡಿಗೆ ಬೀಗ ಜಡಿದ. ಪೀಪಾಯಿಯೂ ಒಳಗೇ. ನಾನು ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದೆ. ನನಗೆ ಖುಷಿಯಾಯಿತು ಎಂದೂ ಬರೆದುಬಿಡುತ್ತೇನೆ.

ಮೂರನೇ ದಿನ ಬಾಗಿಲು ತಟ್ಟಿದವರು ಮಾಮನ ಹೆಂಡತಿ. ಮಾಸ್ಕಿನ ಮೇಲೆ ಬರೀ ಕಣ್ಣು. ಕೈಯಲ್ಲಿ ಒಂದು ಪೊಟ್ಟಣ, ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಪೆನ್ಸಿಲಿನ ಅಕ್ಷರ: "ಮೇಲಿನ ಮನೆ ಪಾಪು". ಈ ವಾರದ್ದನ್ನು ಮೊದಲೇ ಕಟ್ಟಿ ಮನೆಯಲ್ಲಿಟ್ಟಿದ್ದರಂತೆ. ದುಡ್ಡು ಬೇಡವೇ ಬೇಡ ಎಂದರು. ಹೊರಟವರು ತಿರುಗಿ, "ನಿಮ್ಮಮ್ಮ ತೂಕದ ಆಫೀಸಲ್ಲಿದ್ದೋರಂತಲ್ಲ. ಯಾರೋ ಸುಳ್ಳು ದೂರು ಕೊಟ್ಟವ್ರೆ. ಅವರ ಹತ್ರ ಒಂದು ಮಾತು ಕೇಳಿಸ್ತೀರಾ? ನೀವು ನಮ್ಮೋರು ಅಂತ ಬಂದೆ" ಎಂದರು.

ಅಮ್ಮಾ, ನಾನು "ಕೇಳ್ತೀನಿ" ಎಂದೆ. ಅವರ ಮುಖ ನೋಡಿಕೊಂಡೇ ಹೇಳಿದೆ.

ಬಾಗಿಲು ಹಾಕಿ ಆ ಪೊಟ್ಟಣವನ್ನೂ ತೂಗಿದೆ. ಅದೂ ಎರಡು ಗೆರೆ ಕಡಿಮೆ. ಬಿಟ್ಟಿ ಕೊಡುವುದರಲ್ಲೂ ಕದಿಯುವ ಮನುಷ್ಯ ಇದ್ದಾನೆಯೇ? ಅಲ್ಲಿ ನನ್ನ ತಲೆ ಕೆಟ್ಟಿತು. ಅಡುಗೆಮನೆಯಿಂದ ಕಾರ್ಖಾನೆಯಲ್ಲೇ ಮುಚ್ಚಿದ ಒಂದು ಕಿಲೋ ಉಪ್ಪಿನ ಪೊಟ್ಟಣ ತಂದಿಟ್ಟೆ. ಒಂಬೈನೂರು. ಒಡೆಯದ ಸಕ್ಕರೆಯ ಪೊಟ್ಟಣ ತಂದಿಟ್ಟೆ. ಅದೂ ಒಂಬೈನೂರು. ಲೋಕವೆಲ್ಲ ಎರಡೆರಡು ಗೆರೆ ಕದ್ದಿತ್ತು. ಮೆತ್ತೆ ಒಣಗಿ ಕುರ್ಚಿಯ ಮೇಲೆ ಬಿದ್ದಿತ್ತು. ಸುಮ್ಮನೆ ತಟ್ಟೆಗೆ ಹಾಸಿದೆ. ಮುಳ್ಳು ಅಲ್ಲಾಡಲಿಲ್ಲ. ಅಷ್ಟು ದಪ್ಪ ಮೆತ್ತೆ ಹಾಕಿದರೂ ಮುಳ್ಳು ಸೊನ್ನೆಯಲ್ಲೇ ಇತ್ತು! ಮೆತ್ತೆಯ ಮೇಲೆ ಉಪ್ಪು ಇಟ್ಟೆ. ಸರಿಯಾಗಿ ಒಂದು ಕಿಲೋ.

ನಿನಗೆ ಇನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳಿಕೆಯಾದ್ದರಿಂದ ಬರೆಯುತ್ತೇನೆ. ಮೆತ್ತೆಯ ತೂಕ ಲೆಕ್ಕಕ್ಕೆ ಬರಬಾರದೆಂದು, ಮೆತ್ತೆ ಹಾಸಿ ಹಿಂದಿನ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ನಿಲ್ಲಿಸಲಾಗಿದೆ. ಮೆತ್ತೆ ತೆಗೆದರೆ ಮುಳ್ಳು ಸೊನ್ನೆಗಿಂತ ಎರಡು ಗೆರೆ ಹಿಂದೆ ಹೋಗಬೇಕು. ಹೋಗದಂತೆ ಅಲ್ಲೊಂದು ಪುಟ್ಟ ಮೊಳೆಯಿದೆ. ಮುಳ್ಳು ಅದಕ್ಕೆ ಒರಗಿಕೊಂಡು, ಏನೂ ತಿಳಿಯದ ಮಗುವಿನಂತೆ ಸೊನ್ನೆ ತೋರಿಸುತ್ತದೆ. ಮಗು ಇಳಿದಿರಲಿಲ್ಲ. ಪೊಟ್ಟಣವೂ ಕಡಿಮೆಯಿರಲಿಲ್ಲ. ತಿರುಪನ್ನು ನಾನೇ ಯಾವಾಗಲೋ ತಿರುಗಿಸಿ ಮರೆತಿರಬೇಕು. ನಿದ್ದೆಗೆಟ್ಟ ತಲೆ ನನ್ನದು. ಮೊನ್ನೆ ಮನೆಯ ಬೀಗದ ಕೈ ಅಕ್ಕಿ ಡಬ್ಬದಲ್ಲಿ ಸಿಕ್ಕಿತು.

ಈ ಮಂಗಳವಾರ ಕೆಳಗೆ ಹೋಗಿ ಇಬ್ಬರಿಗೂ ಹೇಳಿದೆ. ಮಾಮ ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನೋಡಿ ಮತ್ತೆ ಸಿಕ್ಕಿಸಿಕೊಂಡರು. "ನಾನು ಅವತ್ತಿಂದ ನನ್ನ ಕೈಯನ್ನೇ ಅನುಮಾನಿಸ್ತಾ ಕೂತಿದೀನಮ್ಮ. ಮೂವತ್ತು ವರ್ಷ ತೂಗಿದ ಕೈ, ಈಗ ಯಾಕೆ ತಪ್ತು ಅಂತ" ಎಂದರು. ಹೆಂಡತಿ, "ಪಾಪು ತೂಕ ಸರಿ ಇದೆ ತಾನೆ?" ಎಂದಷ್ಟೇ ಕೇಳಿ ಒಳಗೆ ಹೋದರು.

ಬೆಲೆಯ ವಿಷಯವೇ ನನಗೆ ಇವತ್ತಿಗೂ ಬಗೆಹರಿದಿಲ್ಲ. ಮಾಮ ನನ್ನನ್ನು ತಮ್ಮ ಮನೆಯ ಹಿಂದಿನ ಕೋಣೆಗೆ ಕರೆದು ತೋರಿಸಿದರು. ಸೂರಿನವರೆಗೂ ಶೂ ಪಾಲಿಶ್ ಪೆಟ್ಟಿಗೆಗಳು. ಒಂದು ಪೀಪಾಯಿ ಪುಡಿ ಬೇಕಾದರೆ ನಾಲ್ಕು ಪೆಟ್ಟಿಗೆ ಪಾಲಿಶ್ ಕೊಳ್ಳಲೇಬೇಕೆಂದು ಸಗಟು ವ್ಯಾಪಾರಿಯ ಕಟ್ಟುಪಾಡು. "ಊರಲ್ಲಿ ಶೂ ಹಾಕೋರೇ ಇಲ್ಲ, ಎಲ್ಲಾ ಮನೇಲಿ ಬರಿಗಾಲು. ಇದನ್ನ ಯಾರ ಕಾಲಿಗೆ ಬಳೀಲಿ?" ಎಂದರು. ಆ ನಷ್ಟವನ್ನೇ ಹಾಲಿನಪುಡಿಯ ಮೇಲೆ ಹಾಕಿದ್ದರು. ಹಾಗಾದರೆ ಬೆಲೆಯ ದೂರನ್ನೂ ಹಿಂದಕ್ಕೆ ತೆಗೆದುಕೊಳ್ಳಲೇ ಎಂದು ಕೇಳಿದೆ. "ತಗೊಂಡಿದ್ದು ತಗೊಂಡಿದ್ದೇ. ಸುಳ್ಳು ಹೇಳಲ್ಲ. ದಂಡ ಹಾಕಿದ್ರೆ ಕಟ್ತೀನಿ. ಕಳ್ಳ ಅನ್ನೋದು ಮಾತ್ರ ಬೇಡ" ಎಂದರು. ಬೇರೆ ಮಕ್ಕಳ ತಾಯಂದಿರು ಅವರ ಪಾಲಿಶಿಗೆ ಯಾಕೆ ದುಡ್ಡು ಕೊಡಬೇಕು? ಅವರು ತರಿಸದಿದ್ದರೆ ಆ ಮಕ್ಕಳಿಗೆ ಪುಡಿಯೇ ಇಲ್ಲವಲ್ಲ? ಬೆಳಿಗ್ಗೆ ಒಂದು ಸರಿ ಎನಿಸುತ್ತದೆ, ಹಾಲಿನ ಬಾಟಲಿ ತೊಳೆಯುವ ಹೊತ್ತಿಗೆ ಇನ್ನೊಂದು. ಇವರನ್ನು ಕೇಳಿದರೆ, "ಈಗ ಕೇಳ್ತೀಯಾ?" ಎನ್ನುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವಳನ್ನು ನೋಡಿಯೇ ಇರಬೇಕು.

ನಿನ್ನೆ ಕಚೇರಿಗೆ ಹೋಗಿ ತೂಕದ ದೂರು ತಪ್ಪೆಂದು ಬರೆದುಕೊಟ್ಟೆ. ನಿನ್ನ ಶಿಷ್ಯ ಓದಿ ಮಡಿಸಿ ನನ್ನ ಕೈಗೇ ವಾಪಸು ಕೊಟ್ಟ. "ದೂರು ದಾಖಲಾಗಿರೋದು ಮೇಡಂ ಹೆಸರಲ್ಲಿ. ಅವರು ಒಂದು ಸಾಲು ಬರೆದುಕೊಟ್ರೆ ಅವತ್ತೇ ಬೀಗ ತೆಗೀತೀನಿ. ಅವರ ತೂಕ ತಪ್ಪು ಅಂತ ನಾನು ಹೇಗೆ ಹೇಳ್ಲಿ? ನನಗೆ ಕಲಿಸಿದೋರು ಅವರು" ಎಂದ. ಹೇಳುವಾಗ ಎದ್ದು ನಿಂತಿದ್ದ, ನೀನೇ ಎದುರಿಗಿರುವ ಹಾಗೆ.

ಆದ್ದರಿಂದ ಅಮ್ಮಾ, ಆ ಒಂದು ಸಾಲು ಬೇಕು. ಪುಡಿ ಭಾನುವಾರ ಸಂಜೆಯವರೆಗೆ ಬರುತ್ತದೆ, ಚಮಚ ಗೀರಿ ಹಾಕಿದರೆ ಸೋಮವಾರ ಬೆಳಿಗ್ಗೆಯವರೆಗೆ. ಮೇಲಿನ ಬೀದಿಯಲ್ಲಿ ಇನ್ನೂ ನಾಲ್ಕು ಮಕ್ಕಳಿವೆ. ಮಗಳು ತಕ್ಕಡಿ ಕೆಡಿಸಿಕೊಂಡಿದ್ದಳು, ನಾನು ಅವಳನ್ನು ನಂಬಿದೆ ಎಂದು ಬರೆ. ಎಲ್ಲವನ್ನೂ ನನ್ನ ತಲೆಗೆ ಕಟ್ಟು, ಬೇಸರವಿಲ್ಲ. ವ್ಯಾನಿನವನು ಸಂಜೆ ಅದೇ ದಾರಿಯಲ್ಲಿ ಹಿಂತಿರುಗುತ್ತಾನೆ, ಅವನ ಕೈಗೇ ಕೊಟ್ಟು ಕಳಿಸು.

ಗುಬ್ಬಿ ಎದ್ದಳು. ತೂಕ ಏಳು ಕಿಲೋ ನಾನೂರು, ಮೆತ್ತೆಯ ಮೇಲೆ.

ನಿನ್ನ ಕೈಬರಹಕ್ಕೆ ಕಾಯುತ್ತಿರುವ,
ನಿನ್ನ ಮಗಳು

ಮ.ಸೂ.: ಚಿಕ್ಕಮ್ಮನಿಗೆ ಓದಿ ಹೇಳುವುದಾದರೆ ಇದಕ್ಕೂ ಮೊದಲೇ ನಿಲ್ಲಿಸು. ಇವತ್ತು ಬೆಳಿಗ್ಗೆ ತಿರುಪು ಸರಿಮಾಡೋಣವೆಂದು ತಕ್ಕಡಿಯನ್ನು ಬೆಳಕಿಗೆ ತಿರುಗಿಸಿದೆ. ತಿರುಪಿನ ಮೇಲೆ ಕೆಂಪು ಅರಗಿದೆ. ಎಲ್ಲೂ ಬಿರುಕಿಲ್ಲ, ಹೆಬ್ಬೆರಳ ಗುರುತು ಹಾಗೇ ಇದೆ. ಊರಿಗೆ ಹೊರಡುವ ಮುನ್ನ, ಮೆತ್ತೆಯಿಲ್ಲದೆ ತೂಗಬೇಡವೆಂದು ನೀನು ಹೇಳಿದ್ದೆಯೇನೋ, ಮಗುವಿನ ಅಳುವಿನಲ್ಲಿ ನನಗೆ ಕೇಳಿಸಲಿಲ್ಲವೇನೋ. ಕಚೇರಿಯ ಹೇಳಿಕೆಯಲ್ಲಿ ತಿರುಗಿಸಿದವಳು ನಾನೇ ಎಂದು ಬರೆದಿದ್ದೇನೆ. ಅದನ್ನು ಈಗ ಹರಿಯಬೇಕೋ ಬೇಡವೋ ತಿಳಿಯುತ್ತಿಲ್ಲ. ಅರಗನ್ನು ಮಾತ್ರ ಮುಟ್ಟಿಲ್ಲ. ಹಾಕಿದವರೇ ಒಡೆಯಬೇಕೆಂದು ಹೇಳಿಕೊಟ್ಟವಳು ನೀನಲ್ಲವೇ.