ಟ್ರ್ಯಾಕ್ಟರ್ ಹಿಂದೆ ಬಂದ ಕೋಣ

ತಂಗಿ ಸನ್ನೆಟ್‌ಗೆ,

ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಕೈಲಿ ಕಾರ್ಡು ಬರೆಸ್ತೀಯಲ್ಲ, ನಿನಗೆ ಬುದ್ಧಿ ಇದೆಯಾ? ಬೇಟೆಗೆ ಅಂತ ಕಾಡಿಗೆ ಹೋದರೆ ಸಾಯ್ತೀಯ, ಮೊದಲನೇ ಕಾಡುಕೋಣವನ್ನು ಬೇಲಿಯೊಳಗೇ ಹೊಡಿ ಅಂತ ನೀನೇ ಅಂದೆ. ಅದಕ್ಕೇ ಲಿಂಪೋಪೋದ ಈ ಬೇಲಿ ಹಾಕಿದ ಬೇಟೆ ಫಾರ್ಮಿಗೆ ಬಂದೆ. ಬೆಳಿಗ್ಗೆಯಿಂದ ಕೋಣದ ಹೆಜ್ಜೆಗುರುತು ಹಿಡಿದು ನಡೆದೆವು. ದಾರಿಯಲ್ಲಿ ಬಿದ್ದ ಸಗಣಿಯನ್ನು ಬೂಟಿನಿಂದ ಒಡೆದರೆ ಒಳಗೆಲ್ಲ ಮೆಕ್ಕೆಜೋಳದ ಕಾಳು! ಕಾಡುಕೋಣಕ್ಕೆ ಜೋಳ ಹಾಕಿ ಸಾಕಿದ್ದೀರಾ ಅಂತ ಹೆಜ್ಜೆ ಹುಡುಕುವ ಆಳು ಫಿನಿಯಾಸ್‌ನನ್ನು ಗದರಿಸಿದೆ.

"ಯಾಕಜ್ಜ ಬೈತೀರಾ? ಕೂತ್ಕೊಳ್ಳಿ. ನಾಲ್ಕಕ್ಕೆ ಮೇವಿನ ಟ್ರ್ಯಾಕ್ಟರ್ ಬರುತ್ತೆ, ಹಿಂದೇನೇ ಅದೂ ಬರುತ್ತೆ" ಅಂದ.

ಬಂತು. ನನ್ನ ಕಡೆ ತಿರುಗಿಯೂ ನೋಡದೆ ಮೇವಿಗೆ ಬಾಯಿ ಹಾಕಿತು. ಕೊಟ್ಟಿಗೆಯ ದನ ಹೊಡೆಯೋಕೆ ಬಂದೂಕು ಯಾಕೆ? ಹಾಗೇ ಎದ್ದು ಬಂದೆ.

ಮಂಡಿ ನೋವಿದೆ, ಮಾತ್ರೆ ತಗೋತಿದ್ದೀನಿ. ಆದರೂ ಬೇಲಿಯಿಲ್ಲದ ಜಾಂಬೆಜಿ ಕಾಡಿಗೇ ಹೋಗ್ತೀನಿ. ಈ ವಯಸ್ಸಿಗೆ ಒಬ್ಬನನ್ನೇ ಬಿಡೋದಿಲ್ಲವಂತೆ. ನಿನ್ನ ಗಂಡನನ್ನು ಜೊತೆಗೆ ಕಳಿಸ್ತೀಯೋ ಇಲ್ಲವೋ, ಇಪ್ಪತ್ತನೇ ತಾರೀಖಿನೊಳಗೆ ಬರಿ.

ಅಣ್ಣ ಫಾನಿ